ಬೈಯುವುದಕ್ಕೆ ಒಂದು ಮುಖ

ಬೇಗೂರು
ಫೆಬ್ರವರಿ 9

ಪ್ರೀತಿಯ ಮೈತ್ರಿಗೆ,

ಕಾಗದ ಬಂತೆಂದು ಗಾಬರಿಯಾಗಬೇಡ. ನಿನ್ನ ಅವ್ವ ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಎಂದರೆ ಬಿ.ಪಿ. ಮಾತ್ರೆ ನುಂಗುತ್ತಾರೆ, ನನ್ನ ಸಾರಿಗೆ ಉಪ್ಪು ಸಾಲದು ಎನ್ನುತ್ತಾರೆ. ಫೋನ್ ಇರುವಾಗ ಅತ್ತಿಗೆಗೆ ಇದೇನು ಹೊಸ ಹುಚ್ಚು ಎಂದು ನೀನು ನಗಬಹುದು. ಫೋನ್ ಬಂದರೆ ಅತ್ತೆ ಸ್ಪೀಕರ್ ಹಾಕಿಸುತ್ತಾರೆ, ಅವರ ಕಿವಿ ನನ್ನ ಭುಜದ ಮೇಲೇ ಇರುತ್ತದೆ. ಅವರೆದುರು ಹೇಳಲಾಗದ್ದನ್ನು ಕನ್ನಡಕದ ಅಂಗಡಿಯಲ್ಲಿ ಕೆಲಸದ ನಡುವೆ ಕೂತು ಬರೆಯುತ್ತಿದ್ದೇನೆ. ಜಯನಗರದ ಜನ ಊಟದ ಹೊತ್ತಿನಲ್ಲಿ ಕಣ್ಣು ಪರೀಕ್ಷೆಗೆ ಬರುವುದಿಲ್ಲ, ಆಗ ಅವರಿಗೆ ತಟ್ಟೆ ಚೆನ್ನಾಗಿಯೇ ಕಾಣಿಸುತ್ತಿರುತ್ತದೆ.

ಕಳೆದ ಮಂಗಳವಾರ ಹಡಗಿನ ಕಂಪನಿಯ ಏಜೆಂಟ್ ಬಂದಿದ್ದ. ಗುಂಡಣ್ಣ ಅಂತ, ಮಡಿವಾಳದವನು. ನಿಮ್ಮಣ್ಣ ಹೋಗಿ ಮೂರು ತಿಂಗಳಾದ ಮೇಲೆ ನಮ್ಮ ಬಾಗಿಲಿಗೆ ಬಂದ ಮೊದಲ ಕಂಪನಿ ಮನುಷ್ಯ ಇವನೇ. ಅತ್ತೆ ಅವನನ್ನು ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, ತಾವು ಹೊಸಿಲಿನ ಒಳಗೆ ಕೂತು, ಏನನ್ನೋ ಕೇಳಿಸಿಕೊಳ್ಳಲು ಸಿದ್ಧವಾದವರಂತೆ ಕಾದರು. ಅವನು ಪಾಪ, ಶೂ ಬಿಚ್ಚಿ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡ.

"ತುಂಬಾ ಬೇಜಾರಾಯ್ತು ಆಂಟಿ," ಅಂದ.

"ಬೇಜಾರು ಇರ್ಲಿ. ಯಾರು ಅಂತ ಹೇಳಪ್ಪ."

"ಯಾರು ಅಂದ್ರೆ?"

"ನನ್ನ ಮಗನ್ನ ಹೊಡ್ದೋನು."

ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. "ಅದು ಡ್ರೋನ್ ಆಂಟಿ. ತಾನೇ ಹಾರುತ್ತೆ, ತಾನೇ ನೋಡುತ್ತೆ, ತಾನೇ ಹೊಡೆಯುತ್ತೆ. ಯಾರೂ ಬಟನ್ ಒತ್ತಿಲ್ಲ. ಹಡಗು ಬಂದರಲ್ಲಿ ನಿಂತಿದ್ದಾಗ ನರೇಂದ್ರ ಸಾರ್ ಡೆಕ್ ಮೇಲೆ ಟ್ಯೂಬ್‌ಲೈಟ್ ಡಬ್ಬ ಹೆಗಲ ಮೇಲಿಟ್ಕೊಂಡು ಹೋಗ್ತಿದ್ರಂತೆ. ಅದನ್ನ ಮಿಷಿನ್ನು ಗನ್ ಅನ್ಕೊಂಡುಬಿಟ್ಟಿದೆ."

"ಮಿಷಿನ್ನ ಬಿಟ್ಟೋನು ಯಾರು?"

"ಎರಡೂ ಕಡೆಯೋರು ನಮ್ದಲ್ಲ ಅಂತಾರೆ. ಮಾಡಿದ ಕಂಪನಿಯೋರು ನಾವು ಬರೀ ಮಾರಿದ್ದು ಅಂತಾರೆ. ಅಲ್ಲಿ ಯುದ್ಧ ಅಲ್ವಾ ಆಂಟಿ."

ಅತ್ತೆ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ, "ನೀನಲ್ಲ ಬಿಡು, ಹೋಗು," ಅಂದರು. ಅವನು ಶೂ ಹಾಕಿಕೊಳ್ಳಲೂ ಮರೆತು ಗೇಟಿನ ತನಕ ಹೋಗಿ ವಾಪಸ್ ಬಂದ.

ಅಂದು ಸಂಜೆ ಅವರು ನನಗೆ ಮಾವನ ಕಥೆ ಹೇಳಿದರು. ಬನಶಂಕರಿಯಲ್ಲಿ ಬೆಳೆದ ನನಗೆ ಇದೊಂದೂ ತಿಳಿಯದು. ಮಾವ ನೀರಿನ ಟ್ಯಾಂಕರ್ ಓಡಿಸುತ್ತಿದ್ದಾಗ ಗೊಟ್ಟಿಗೆರೆಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ದ್ಯಾಮಣ್ಣ ಎನ್ನುವವರ ಮಗು ಚಕ್ರಕ್ಕೆ ಸಿಕ್ಕಿತಂತೆ. ಪೊಲೀಸು, ಕೋರ್ಟು ಅದರ ಪಾಡಿಗೆ ನಡೆಯಿತಂತೆ. ಆದರೆ ಮೂರನೆಯ ದಿನ, ಸಮಾಧಿಗೆ ಹಾಲು-ತುಪ್ಪ ಬಿಡುವ ದಿನ, ಮಾವ ಯಾರೂ ಕರೆಯದೆ ಅವರ ಮನೆಗೆ ಹೋಗಿ ಹೊಸಿಲಿನಾಚೆ ಟವೆಲ್ ಹಾಸಿ ಕೂತರಂತೆ. ನಿಮ್ಮ ಕೇರಿಯಲ್ಲಿ ಹಾಗೇ ಅಂತೆ. ಕೈತಪ್ಪಿ ಜೀವ ತೆಗೆದವನು ಸತ್ತವರ ಬಾಗಿಲಿಗೆ ತಾನಾಗಿ ಬಂದು ನಾನೇ ಎನ್ನಬೇಕು. ಮನೆಯವರು ಮನಸ್ಸು ತಣಿಯುವಷ್ಟು ಬೈಯಬೇಕು. ಬೈದು ಸಾಕಾದ ದಿನ ಒಂದು ಚೊಂಬು ನೀರು ಕೊಡಬೇಕು. ಅವನು ಕುಡಿದರೆ ಮುಗಿಯಿತು.

"ಬೈಯೋಕೆ ಒಂದು ಮುಖ ಬೇಕು ಕಣವ್ವ," ಎನ್ನುತ್ತಾರೆ ಅತ್ತೆ. ಆ ಮುಖ ಬರುವ ತನಕ ನಿಮ್ಮಣ್ಣನಿಗೆ ಹಾಲು-ತುಪ್ಪವೂ ಇಲ್ಲ, ಎಡೆಯೂ ಇಲ್ಲ. ದೇಹ ಸಮುದ್ರಕ್ಕೆ ಹೋಯಿತು, ಸಮಾಧಿ ಮೊದಲೇ ಇಲ್ಲ. ಫೋಟೋಗೆ ಹಾರ ಹಾಕಲೂ ಬಿಡುತ್ತಿಲ್ಲ.

ನೀನು ಇಂಥ ಯಂತ್ರಗಳ ವಿಷಯವೇ ಮಾತಾಡುವ ಊರಿನಲ್ಲಿದ್ದೀಯ. ದೊಡ್ಡ ದೊಡ್ಡವರ ಜೊತೆ ಓಡಾಡುತ್ತೀಯ. ನನಗೆ ಬೇರೇನೂ ಬೇಡ. ಒಂದು ಹೆಸರು ತಿಳಿದರೆ ಬರೆ. ಅವನು ಬರುವುದಿಲ್ಲ ಎಂದು ನನಗೂ ಗೊತ್ತು, ಹೆಸರಾದರೂ ಇರಲಿ.

ಉತ್ತರ ಅಂಗಡಿಯ ವಿಳಾಸಕ್ಕೆ ಹಾಕು.
ಶಾಂತಲಾ


ಜಿನೀವಾ
ಮಾರ್ಚ್ 1

ಅತ್ತಿಗೆಗೆ ನಮಸ್ಕಾರಗಳು.

ಟ್ಯೂಬ್‌ಲೈಟ್ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಆಫೀಸಿನ ಕಡತದಲ್ಲಿ 'ಉದ್ದನೆಯ ವಸ್ತು' ಎಂದು ಮಾತ್ರ ಇದೆ. ನಿಮ್ಮ ಕಾಗದ ಓದಿ ಆಫೀಸಿನ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ. ಅಣ್ಣ ಬೇಗೂರಿನ ಮನೆಯಲ್ಲಿ ಲೈಟ್ ಹಾಕುವಾಗ ಕೆಳಗೆ ನಿಂತು ಸ್ಕ್ರೂಡ್ರೈವರ್ ಕೊಡುತ್ತಿದ್ದವಳು ನಾನು.

ಯಾರು ಎಂದು ಕೇಳಿದ್ದೀರಿ. ಹುಡುಕಿದ್ದೇನೆ, ಸಿಕ್ಕಿಲ್ಲ. ಆ ಯಂತ್ರವನ್ನು ಒಂದು ದೇಶದಲ್ಲಿ ಮಾಡಿದರು. ಅದರ ಕಣ್ಣು ಇನ್ನೊಂದು ದೇಶದ ಕಂಪನಿಯದು. ಯಾರನ್ನು ಶತ್ರು ಎಂದು ಗುರುತಿಸಬೇಕೆನ್ನುವುದನ್ನು ಅದಕ್ಕೆ ಮತ್ತೆಲ್ಲೋ ಕಲಿಸಿದರು. ಹಾರಿಬಿಟ್ಟವನು ಬಂದರಿನ ಸುತ್ತ ನೋಡಿಕೋ ಎಂದಷ್ಟೇ ಹೇಳಿ ಬಿಟ್ಟ. ಅಣ್ಣನನ್ನು ಆರಿಸಿದ್ದು ಯಂತ್ರ. ಪ್ರತಿಯೊಬ್ಬರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ, ಅವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ.

ಇಲ್ಲಿ ಸಭೆ ಸೇರುವುದು ಇದಕ್ಕೇ. ಇಂಥ ಆಯುಧಗಳಿಗೆ ಎಲ್ಲ ದೇಶಗಳೂ ಒಪ್ಪುವ ಒಂದು ಕಾನೂನು ಬೇಕೆಂದು ವರ್ಷಗಳಿಂದ ಮಾತು ನಡೆಯುತ್ತಿದೆ. ನಮ್ಮ ಸಂಸ್ಥೆ ಯಾವ ಸರ್ಕಾರಕ್ಕೂ ಸೇರಿದ್ದಲ್ಲ, ಹೊರಗಿನಿಂದ ಒತ್ತಾಯ ಮಾಡುತ್ತೇವೆ. ವಕೀಲಳಾದ್ದರಿಂದ ಕರಡಿನ ಮಾತುಗಳನ್ನು ನೋಡುವ ಕೆಲಸ ನನ್ನದು. ಏಳನೆಯ ಕಲಮು ನಾವು ಸೇರಿಸಿದ್ದು. ಪ್ರತಿ ದಾಳಿಗೂ ಹೆಸರಿರುವ ಒಬ್ಬ ಮನುಷ್ಯ ಹೊಣೆ ಹೊರಬೇಕು, ಯಂತ್ರ ಮಾಡಿತು ಎಂದು ತಪ್ಪಿಸಿಕೊಳ್ಳುವಂತಿಲ್ಲ. ಅದು ಉಳಿದರೆ ಆ ಬಂದರಿನ ತನಿಖೆಯನ್ನೂ ಮತ್ತೆ ತೆರೆಸುತ್ತೇವೆಂದು ಒಂದೆರಡು ಸಣ್ಣ ದೇಶಗಳು ನನಗೆ ಮಾತು ಕೊಟ್ಟಿವೆ. ಅವ್ವನಿಗೆ ಹೇಳುವಂಥ ಹೆಸರು ಸಿಗುವುದಿದ್ದರೆ ಆ ದಾರಿಯಲ್ಲೇ ಸಿಗಬೇಕು.

ಅಪ್ಪನ ಕಥೆ ನನಗೆ ಗೊತ್ತು. ಅವರು ಪ್ರತಿ ಮಹಾಲಯ ಅಮಾವಾಸ್ಯೆಗೆ ಆ ಮನೆಗೆ ಹೋಗುತ್ತಿದ್ದರು. ಕೊನೆಯ ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಆಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ದ್ಯಾಮಣ್ಣನವರ ಹೆಂಡತಿ ಸೊಣ್ಣಮ್ಮ ಗಂಟಲು ಕಟ್ಟುವ ತನಕ ಬೈದರು. ಅಪ್ಪ ತಲೆ ಎತ್ತಲಿಲ್ಲ. ನಾನು ಹೆದರಿ ಅವರ ಅಂಗಿ ಹಿಡಿದುಕೊಂಡಿದ್ದೆ. ಆಮೇಲೆ ಆಕೆ ಒಳಗೆ ಹೋಗಿ ನೀರು ತಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ, "ಇಷ್ಟು ದಿನ ಬಾಗಿಲು ಹಾಕ್ಕೊಳ್ತಿದ್ರು ಮಗಳೇ, ಇವತ್ತು ಬೈದ್ರು, ಒಳ್ಳೇದಾಯ್ತು," ಅಂದರು. ಅದು ಯಾಕೆ ಒಳ್ಳೆಯದೆಂದು ನನಗೆ ಆಗ ಅರ್ಥವಾಗಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಸಭೆಯಲ್ಲಿ ಸತ್ತವರ ಮನೆಯವರು ಮೂರು ನಿಮಿಷ ಮಾತಾಡಬಹುದು. ನೀವು ಬಂದರೆ, ಬರಲಾಗದಿದ್ದರೆ ಬರೆದು ಕೊಟ್ಟರೆ, ಏಳನೆಯ ಕಲಮಿಗೆ ಬಲ ಬರುತ್ತದೆ.

ಅಣ್ಣ ಹೋದಾಗ ನಾನು ಯಾಕೆ ಬರಲಿಲ್ಲ ಎಂದು ನೀವು ಇವತ್ತಿನ ತನಕ ಕೇಳಿಲ್ಲ. ಆ ವಾರ ಸಭೆ ಇತ್ತು. ಬೇರೆ ಕಾರಣವಿಲ್ಲ.

ಅವ್ವನ ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ.
ಮೈತ್ರಿ


ಬೇಗೂರು
ಮಾರ್ಚ್ 24

ಮೈತ್ರಿ,

ಸಿಟ್ಟಾಗಬೇಡಿ ಎಂದು ಬರೆದು ಸಿಟ್ಟು ಬರುವ ಮಾತನ್ನೇ ಕೇಳಿದ್ದೀಯ. ನಿನ್ನ ಕಡತದಲ್ಲಿ ನಿಮ್ಮಣ್ಣ ಏನಾಗಿದ್ದಾನೆ? ಉದಾಹರಣೆಯೇ? ನಾನು ಅಲ್ಲಿಗೆ ಬಂದು ಮೂರು ನಿಮಿಷ ಅತ್ತು ಹೋದರೆ ಅವರ ಕಾಫಿ ಇನ್ನಷ್ಟು ರುಚಿಯಾಗುತ್ತದೆ, ಅಷ್ಟೆ. ನನ್ನ ಗಂಡನ ಸಾವನ್ನು ಕಲಮಿಗೆ ಗೊಬ್ಬರವಾಗಿ ಹಾಕಲಾರೆ. ಹೀಗೆ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳುವುದಾದರೆ ಮಾಡಿಕೋ.

ಆ ವಾರ ಸಭೆ ಇತ್ತು. ಸರಿ.

ಇಲ್ಲಿಯ ಸಮಾಚಾರ ಕೇಳು. ಅತ್ತೆ ಈಗ ದಿನವೂ ಜಗಲಿಯ ಮೇಲೆ ಕೂರುತ್ತಾರೆ, ಬಂದವರನ್ನೆಲ್ಲ ಅಳೆಯುತ್ತಾರೆ. ಮೊನ್ನೆ ಬಿರಿಯಾನಿ ಡೆಲಿವರಿಯವನೊಬ್ಬ ವಿಳಾಸ ತಪ್ಪಿ ನಮ್ಮ ಗೇಟು ತೆಗೆದ. ನಲವತ್ತು ದಾಟಿದ ಗಂಡಸು, ಕೆಂಪು ಚೀಲ ಹೊತ್ತಿದ್ದ. ಮನೆ ಬೇರೆ ಎಂದು ಗೊತ್ತಾಗಿ, "ಸಾರಿ ಅಮ್ಮ, ತಪ್ಪಾಯ್ತು," ಅಂದ. ಅಷ್ಟು ಸಾಕಾಯಿತು. ಅತ್ತೆ ಅವನ ಕೈ ಹಿಡಿದು ಕೂರಿಸಿಬಿಟ್ಟರು.

"ಎಲ್ಲಿಂದ ಬಂದ್ಯಪ್ಪ?"

"ಬಿಟಿಎಂ ಲೇಔಟಿಂದ ಅಮ್ಮ."

"ಹಡಗು ನೋಡಿದ್ಯಾ?"

ಅವನು ಒಂದು ಸಲ ನನ್ನನ್ನು ನೋಡಿದ, ಒಂದು ಸಲ ಬಿರಿಯಾನಿಯನ್ನು ನೋಡಿದ. "ಇಲ್ಲ ಅಮ್ಮ, ಸಮುದ್ರನೇ ನೋಡಿಲ್ಲ." ಅತ್ತೆ ಕೈ ಬಿಟ್ಟರು. ಬಿಸಿಲಿನಲ್ಲಿ ಬಂದವನೆಂದು ಮಜ್ಜಿಗೆ ಕೊಟ್ಟು ಕಳಿಸಿದರು. ನೀರು ಮಾತ್ರ ಕೊಡಲಿಲ್ಲ. ನನಗೆ ನಗು ಬಂತು, ಒಳಗೆ ಹೋಗಿ ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಅಂಗಡಿಗೆ ಬರುವವರು ಕೇಳುತ್ತಾರೆ, ಯಜಮಾನರು ಎಲ್ಲಿ ಕೆಲಸ ಎಂದು. ಹಡಗಿನಲ್ಲಿ ಎನ್ನುತ್ತೇನೆ. ಇದ್ದರು ಎಂದು ಬಾಯಿಗೆ ಬರುವುದಿಲ್ಲ. ಅತ್ತೆಯ ಹಟಕ್ಕೆ ಬೈದುಕೊಳ್ಳುತ್ತೇನೆ, ಆದರೆ ಹಾರ ಹಾಕದ ಫೋಟೋ ನೋಡಿದಾಗ ನನಗೂ ಏನೋ ಒಂದು ಆಸೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಬರೆದು ಕೊಡಲಾರೆ. ಬರಲಾರೆ.
ಶಾಂತಲಾ


ಜಿನೀವಾ
ಮೇ 20

ಅತ್ತಿಗೆ,

ನಿಮ್ಮ ಕಾಗದಕ್ಕೆ ಏನು ಬರೆಯಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ನೀವು ಬರೆದದ್ದು ಸರಿ. ಇನ್ನು ಕೇಳುವುದಿಲ್ಲ.

ಕಳೆದ ವಾರ ಸಭೆ ನಡೆಯಿತು. ಅಲ್ಲಿ ಒಂದು ಪದ್ಧತಿ ಇದೆ. ಯಾವ ಮಾತಿಗೆ ಯಾರಾದರೂ ಒಪ್ಪುವುದಿಲ್ಲವೋ ಅದರ ಎರಡೂ ಕಡೆ ಚೌಕದ ಆವರಣ, ಅಂದರೆ ಬ್ರ್ಯಾಕೆಟ್, ಹಾಕುತ್ತಾರೆ. ಅಂದರೆ ಈ ಮಾತು ಇದೆ, ಆದರೆ ಇನ್ನೂ ಇಲ್ಲ. ಕೊನೆಯ ದಿನದೊಳಗೆ ಎಲ್ಲ ದೇಶಗಳೂ ಒಪ್ಪಿದರೆ ಆವರಣ ಹೋಗುತ್ತದೆ, ಒಂದೇ ಒಂದು ದೇಶ ಒಲ್ಲೆ ಎಂದರೂ ಮಾತೇ ಹೋಗುತ್ತದೆ. ಸೋಮವಾರ ಏಳನೆಯ ಕಲಮಿಗೆ ಆವರಣ ಇರಲಿಲ್ಲ. ಮಂಗಳವಾರ 'ಹೆಸರಿರುವ' ಎನ್ನುವುದಕ್ಕೆ ಹಾಕಿದರು. ಗುರುವಾರ 'ಒಬ್ಬ ಮನುಷ್ಯ' ಎನ್ನುವುದಕ್ಕೆ. ಶುಕ್ರವಾರ ಇಡೀ ಕಲಮು ಆವರಣದೊಳಗೆ ಹೋಯಿತು. ಪರದೆಯ ಮೇಲೆ ಅದು ನಡೆಯುವುದನ್ನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ.

ಬೈಯುವಂಥ ಕೆಟ್ಟವರು ಯಾರೂ ಅಲ್ಲಿಲ್ಲ. ಆವರಣ ಹಾಕಿಸಿದ ಅಧಿಕಾರಿಯೊಬ್ಬರು ಲಿಫ್ಟಿನಲ್ಲಿ ಸಿಕ್ಕಿ ಚಳಿಗಾಲಕ್ಕೆ ಒಳ್ಳೆಯ ಕೋಟು ಎಲ್ಲಿ ಸಿಗುತ್ತದೆಂದು ಹೇಳಿದರು. ಅವರಿಗೂ ಮೇಲಿನಿಂದ ಅಪ್ಪಣೆ ಬಂದಿರುತ್ತದೆ. ಸೆಪ್ಟೆಂಬರಿನಲ್ಲಿ ಕೊನೆಯ ಸಭೆ.

ನಾನು ಇಲ್ಲಿ ಯಾರಿಗೂ ಅವನು ನನ್ನ ಅಣ್ಣ ಎಂದು ಹೇಳಿರಲಿಲ್ಲ ಅತ್ತಿಗೆ. ಹೇಳಿದರೆ ಕರಡು ನೋಡುವ ಕೆಲಸದಿಂದ ನನ್ನನ್ನು ತೆಗೆಯುತ್ತಾರೆ, ಮನೆಯವಳು ನಿಷ್ಪಕ್ಷಪಾತವಾಗಿ ಇರಲಾರಳು ಎನ್ನುತ್ತಾರೆ ಎಂದು ಹೆದರಿದೆ. ಅವನ ಸಾವಿನ ವರದಿಯನ್ನು ಬೇರೆಯವರ ವರದಿ ಓದುವ ದನಿಯಲ್ಲೇ ಓದಿದೆ. ಶುಕ್ರವಾರ ಸಂಜೆ ನನ್ನ ಮೇಲಿನವರಿಗೆ ಹೇಳಿಬಿಟ್ಟೆ. ಅವರು ತೆಗೆಯಲಿಲ್ಲ, ನನ್ನ ಮುಂದೆ ಟಿಶ್ಯೂ ಡಬ್ಬ ಇಟ್ಟರು.

ಮೈತ್ರಿ


ಬೇಗೂರು
ಜೂನ್ 29

ಪ್ರೀತಿಯ ಮೈತ್ರಿಗೆ,

ನಿನ್ನ ಮೇ ತಿಂಗಳ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಗುಟ್ಟು ಇಟ್ಟುಕೊಂಡು ಸಾಕಾಯಿತು. ಕೊನೆಯ ಭಾಗವನ್ನು ಅವರು ಮತ್ತೊಮ್ಮೆ ಓದಿಸಿದರು. ಪೂರ್ತಿ ಕೇಳಿ, "ಪಾಪ, ಒಂಟಿ ಹೆಣ್ಣು ಎಷ್ಟು ನುಂಗ್ಕೊಂಡ್ಳು," ಅಂದರು. ಅಂದು ನಿನ್ನ ಮೇಲೆ ನನಗಿದ್ದ ಕೋಪ ಇಳಿಯಿತು. ಪೂರ್ತಿ ಇಳಿಯಿತೆಂದು ಸುಳ್ಳು ಹೇಳುವುದಿಲ್ಲ, ಸೊಂಟದ ತನಕ ಇಳಿದಿದೆ.

ನಿಮ್ಮ ಸಭೆಯ ಪದ್ಧತಿ ಕೇಳಿ ನನಗೆ ನಮ್ಮ ಬೀದಿಯ ನೀರಿನ ಸಂಘ ನೆನಪಾಯಿತು. ಎಲ್ಲರೂ ಒಪ್ಪಿದರೆ ಮಾತ್ರ ಪೈಪು ಎಂದರು, ಮೂಲೆಮನೆಯವನು ಒಪ್ಪಲಿಲ್ಲ, ಇವತ್ತಿಗೂ ಟ್ಯಾಂಕರ್. ಅತ್ತೆಗೆ ನೆನಪಾದದ್ದು ಬೇರೆ.

"ಅಲ್ಲಿ ನನ್ನ ಮಗಳಿಗೆ ಕೂರೋಕೆ ಜಾಗ ಕೊಟ್ಟವ್ರಾ?" ಎಂದು ಕೇಳಿದರು.

"ಹಿಂದಿನ ಸಾಲಲ್ಲಿ ಕೊಟ್ಟಿದ್ದಾರೆ ಅತ್ತೆ."

"ಮಾತಾಡೋಕೆ?"

"ದೇಶದವರೆಲ್ಲ ಆಡಿದ ಮೇಲೆ, ಟೈಮ್ ಉಳಿದ್ರೆ."

ಅವರು ಸ್ವಲ್ಪ ನಕ್ಕರು. ಹಿಂದೆ ಊರ ನ್ಯಾಯಕ್ಕೆ ನಿಮ್ಮ ಕೇರಿಯವರು ಹೋದರೆ ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ ನಿಲ್ಲಬೇಕಿತ್ತಂತೆ. ಮೇಲೆ ಕೂತವರು ತಮ್ಮ ತಮ್ಮಲ್ಲೇ ಮಾತಾಡಿ ತಪ್ಪು ಇವರದೇ ಎಂದು ಹೇಳಿ ಏಳುತ್ತಿದ್ದರಂತೆ. ಅದಕ್ಕೇ ಕೇರಿಯೊಳಗೆ ಬೇರೆ ದಾರಿ ಮಾಡಿಕೊಂಡರಂತೆ: ಯಾರೂ ತೀರ್ಪು ಹೇಳುವುದು ಬೇಡ, ಮಾಡಿದವನೇ ಬಂದು ಹೇಳಲಿ. "ದೊಡ್ಡೋರ ನ್ಯಾಯ ನಂಬ್ಕೊಂಡು ನಾವು ಯಾವತ್ತೂ ಕೂತೋರಲ್ಲ," ಅಂದರು. ಹಾಗೆಂದವರೇ ಎರಡು ದಿನ ಬಿಟ್ಟು ನನ್ನ ಬಳಿ ಬಂದು, "ಅವ್ಳಿಗೆ ಬರ್ಕೊಡು. ನಾನ್ ಹೇಳ್ದಂಗೆ ಬರಿ," ಅಂದರು.

ಆದ್ದರಿಂದ ನನ್ನ ಮಾತು ನಾನೇ ಮುರಿಯುತ್ತಿದ್ದೇನೆ. ಈ ಕೆಳಗಿನದು ಸಭೆಗೆ. ಒಂದು ಅಕ್ಷರ ತಿದ್ದಬೇಡ.

'ನಾನು ರುದ್ರಮ್ಮ, ಬೇಗೂರು. ನನ್ನ ಮಗ ನರೇಂದ್ರ ಹಡಗಿನಲ್ಲಿ ಕರೆಂಟ್ ಕೆಲಸ ಮಾಡುತ್ತಿದ್ದ. ಕತ್ತಲಿದ್ದ ಕಡೆ ಲೈಟ್ ಹಾಕಲು ಹೋಗುತ್ತಿದ್ದಾಗ ಸತ್ತ. ಯಾರು ಅಂತ ಹೇಳಿ. ಜೈಲಿಗೆ ಹಾಕಿಸುವುದಿಲ್ಲ. ದುಡ್ಡು ಕೇಳುವುದಿಲ್ಲ. ನನ್ನ ಬಾಗಿಲಿಗೆ ಬರಲಿ. ಚೆನ್ನಾಗಿ ಬೈದು, ನೀರು ಕೊಟ್ಟು ಕಳಿಸುತ್ತೇನೆ.'

ಇದಕ್ಕೆ ನನ್ನದೂ ಒಂದು ಸಾಲು ಸೇರಿಸೋಣವೆಂದು ಪೆನ್ನು ಹಿಡಿದು ಕೂತೆ. ಅವನ ಬಗ್ಗೆ ಹೇಳಲು ಎಷ್ಟೋ ಇದೆ, ಅಲ್ಲಿಯವರಿಗೆ ಹೇಳುವಂಥದ್ದು ಒಂದೂ ಇಲ್ಲ. ಬಿಟ್ಟೆ.

ಅತ್ತೆ ಈಗ ನಿನ್ನ ಸೆಪ್ಟೆಂಬರ್ ಎಣಿಸುತ್ತಿದ್ದಾರೆ. ಹೊಡೆದವರು ಮಹಾಲಯದೊಳಗೆ ಬರುತ್ತಾರಾ ಎಂದು ಕೇಳುತ್ತಾರೆ. ಇಲ್ಲ ಎನ್ನುವ ಧೈರ್ಯ ನನಗಿಲ್ಲ, ಹೂಂ ಎನ್ನುವ ಧೈರ್ಯವೂ ಇಲ್ಲ.

ಸ್ವೆಟರ್ ಹಾಕಿಕೋ.
ಅತ್ತಿಗೆ


ಜಿನೀವಾ
ಸೆಪ್ಟೆಂಬರ್ 6

ಅತ್ತಿಗೆ,

ಈ ಕಾಗದವನ್ನು ಮೊದಲು ನೀವೊಬ್ಬರೇ ಓದಿ. ಬೇಗ ತಲುಪಲೆಂದು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ಅವ್ವನ ಮಾತನ್ನು ಬುಧವಾರ ಓದಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಉಳಿದವರು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಕೇಳಿದರು. ನೀರು ಕೊಟ್ಟು ಕಳಿಸುತ್ತೇನೆ ಎನ್ನುವಲ್ಲಿ ಅನುವಾದ ಮಾಡುತ್ತಿದ್ದ ಹೆಂಗಸಿನ ದನಿ ನಡುಗಿತೆಂದು ಆಮೇಲೆ ಯಾರೋ ಹೇಳಿದರು. ಸಭೆ ನಡೆಸುವವರು ಧನ್ಯವಾದ ಹೇಳಿ ಮುಂದಿನ ದೇಶವನ್ನು ಕರೆದರು. ಕಾಫಿಯ ಹೊತ್ತಿನಲ್ಲಿ ಮೂರು ಜನ ಬಂದು ತುಂಬಾ ಚೆನ್ನಾಗಿತ್ತು ಎಂದರು. ನೀವು ಬರೆದದ್ದು ನೆನಪಾಗಿ ನಾನು ಕಾಫಿ ಕುಡಿಯಲಿಲ್ಲ.

ಶುಕ್ರವಾರ ಸಂಜೆ ದೊಡ್ಡ ದೇಶಗಳು ಏಳನೆಯ ಕಲಮು ಇದ್ದರೆ ಯಾವುದಕ್ಕೂ ಸಹಿ ಇಲ್ಲ ಎಂದವು. ಅದನ್ನು ಕೈಬಿಟ್ಟರೆ ಉಳಿದದ್ದಕ್ಕೆ ಒಪ್ಪುತ್ತೇವೆ ಎಂದವು. ಉಳಿದದ್ದರಲ್ಲಿ ಒಳ್ಳೆಯದಿದೆ ಅತ್ತಿಗೆ. ಸಾಮಾನ್ಯ ಜನ ಓಡಾಡುವ ಬಂದರು, ಸಂತೆ, ಆಸ್ಪತ್ರೆಗಳ ಮೇಲೆ ಇಂಥ ಯಂತ್ರವನ್ನು ತಾನಾಗಿ ಬೇಟೆಯಾಡಲು ಬಿಡುವಂತಿಲ್ಲ ಎಂದಿದೆ. ಸಭೆ ನಡೆಸುವವರು ನಮ್ಮಂಥ ಸಂಸ್ಥೆಗಳನ್ನು ಹೊರಗೆ ಕರೆದು, ಕಲಮು ಕೈಬಿಡಲು ಒಪ್ಪುತ್ತೀರಾ ಎಂದು ಕೇಳಿದರು. ನಾವು ಬಹಿರಂಗವಾಗಿ ಗಲಾಟೆ ಮಾಡಿದರೆ ನಮ್ಮ ಕಡೆಯ ಸಣ್ಣ ದೇಶಗಳು ಹಟ ಹಿಡಿಯುತ್ತಿದ್ದವು, ಆಗ ಎಲ್ಲವೂ ಮುರಿದು ಬೀಳುತ್ತಿತ್ತು. ನನ್ನ ಮೇಲಿನವರು ನನ್ನನ್ನು ನೋಡಿ, ನೀನು ಮನೆಯವಳು, ನೀನು ಬೇಡ ಎಂದರೆ ಬೇಡ ಎಂದರು.

ಅಣ್ಣನ ಹಾಗೆ ಇನ್ಯಾವನೋ ಒಬ್ಬ ಇನ್ಯಾವುದೋ ಡೆಕ್ ಮೇಲೆ ನಡೆದು ಹೋಗುವುದು ಕಣ್ಣಿಗೆ ಬಂತು. ಆಗಲಿ ಎಂದೆ.

ಏಳನೆಯ ಕಲಮು ಹೋಯಿತು. ಎಂಟನೆಯದನ್ನು ಏಳನೆಯದು ಎಂದು ಕರೆಯುತ್ತಾರೆ. ಆ ಬಂದರಿನ ತನಿಖೆ ಇನ್ನು ತೆರೆಯುವುದಿಲ್ಲ. ಯಾರೂ ಬರುವುದಿಲ್ಲ ಎಂದು ಅವ್ವನಿಗೆ ಹೇಗೆ ಹೇಳುತ್ತೀರೋ ನೀವೇ ನೋಡಿ. ನಾನು ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿದೆ, ಅವ್ವ ಊಟ ಆಯ್ತಾ ಎಂದು ಕೇಳಿದರು, ಆಯ್ತು ಎಂದು ಇಟ್ಟುಬಿಟ್ಟೆ.

ನನ್ನನ್ನು ಬೈಯಿರಿ. ದಯವಿಟ್ಟು.
ಮೈತ್ರಿ


ಬೇಗೂರು
ಮಹಾಲಯ ಅಮಾವಾಸ್ಯೆಯ ಮರುದಿನ

ಮೈತ್ರಿ,

ನಿನ್ನನ್ನು ಬೈಯುವುದಿಲ್ಲ. ಬೈಗುಳವೆಲ್ಲ ನಿನ್ನೆ ಖರ್ಚಾಗಿ ಹೋಯಿತು. ಹೇಗೆಂದು ಬರೆಯುತ್ತೇನೆ, ಕೂತುಕೊಂಡು ಓದು.

ನಿನ್ನ ಕಾಗದವನ್ನು ಬಂದ ದಿನವೇ ಅತ್ತೆಗೆ ಓದಿದೆ. ಏನನ್ನೂ ಬಿಡಲಿಲ್ಲ, ಬಿಟ್ಟರೆ ಅವರಿಗೆ ಗೊತ್ತಾಗುತ್ತದೆ. ಕೇಳಿ ಮುಗಿದ ಮೇಲೆ, "ಮಿಕ್ಕೋರು ಉಳೀತಾರಾ?" ಅಂದರು. ಉಳಿಯಬಹುದು ಎಂದೆ. "ಹಂಗಾದ್ರೆ ನನ್ನ ಮಗಳು ಮಾಡಿದ್ದು ಸರಿ," ಅಂದರು. ಇದನ್ನು ನಿನಗೆ ಬರೆಯಲೇಬೇಕೆಂದು ಎರಡು ಸಲ ಹೇಳಿದ್ದಾರೆ. ಆಮೇಲೆ ಎದ್ದು ಜಗಲಿಯ ಚಾಪೆ ಸುತ್ತಿ ಒಳಗೆ ಇಟ್ಟರು. ಮರುದಿನದಿಂದ ಹೊರಗೆ ಕೂರಲಿಲ್ಲ, ಮಾತೂ ಕಡಿಮೆಯಾಯಿತು, ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದೂ ಹೇಳಲಿಲ್ಲ. ಮುಗಿಯಿತು, ಬಿಟ್ಟುಕೊಟ್ಟರು ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಅತ್ತೆ ಹೊರಗೆ ಕೂತಿದ್ದಾರೆ. ತಲೆಗೆ ನೀರು ಹಾಕಿಕೊಂಡು, ಹಿತ್ತಿಲ ಬಾಗಿಲಿನಿಂದ ಹೋಗಿ, ಮನೆ ಸುತ್ತಿ ಬಂದು, ನಮ್ಮದೇ ಹೊಸಿಲಿನಾಚೆ ಟವೆಲ್ ಹಾಸಿಕೊಂಡು ಕೂತಿದ್ದಾರೆ. ತಲೆ ತಗ್ಗಿತ್ತು.

"ಏನತ್ತೆ ಇದು? ಏಳಿ, ಚಳಿ ಇದೆ."

"ಶಾಂತಲಾ, ನಿನ್ನ ಗಂಡನ್ನ ಕೊಂದೋಳು ನಾನು."

"ಅತ್ತೆ!"

"ಹೋಗಿ ಬಾ ಅಂದೋಳು ನಾನೇ ಅಲ್ವಾ? ಹೋಗ್ಬೇಡ ಕಣೋ ಅಂದಿದ್ರೆ ನಿಂತ್ಕೊಳ್ತಿದ್ದ. ನನ್ನ ಮಾತು ಮೀರೋನಲ್ಲ. ನಾನು ಅನ್ಲಿಲ್ಲ."

ಮೈತ್ರಿ, ನಿಮ್ಮಣ್ಣನನ್ನು ಯಾರೂ ಕಳಿಸಲಿಲ್ಲ. ಸಮುದ್ರವೆಂದರೆ ಅವನಿಗೆ ಪ್ರಾಣ. ಹೊರಡುವ ದಿನ ಹೋಗಿ ಬಾ ಎಂದು ಅವರು ಹೇಳಿದರು, ನಾನೂ ಹೇಳಿದೆ, ಎದುರುಮನೆಯ ಶಾಮಣ್ಣನವರೂ ಹೇಳಿದರು. ಹೋಗುವವರಿಗೆ ಬೇರೇನು ಹೇಳುತ್ತಾರೆ? ಇದನ್ನೆಲ್ಲ ಹೇಳಿದೆ. ಎಬ್ಬಿಸಲು ರಟ್ಟೆ ಹಿಡಿದು ಎಳೆದೆ. ಅವರು ನೆಲ ಕಚ್ಚಿಕೊಂಡು ಕೂತಿದ್ದರು.

"ಇಷ್ಟು ದೊಡ್ಡ ಪರ್ಪಂಚದಲ್ಲಿ ಒಬ್ರೂ ನಾನು ಅಂತ ಹೇಳ್ಲಿಲ್ಲ. ನಾಯಿ ಸತ್ರೂ ಲಾರಿಯೋನು ಇಳಿದು ನೋಡ್ತಾನೆ. ನನ್ನ ಮಗ ಹಂಗೆ ಹೋಗ್ಬಾರ್ದು. ನಾನು ಹೇಳ್ತಾ ಇದೀನಿ. ನಾನೇ. ನೀನು ಬೈಯಿ."

ನಾನು ಹೊಸಿಲಿನ ಒಳಗೆ ಕೂತೆ. ನಿಮ್ಮ ತಪ್ಪಲ್ಲ ಅತ್ತೆ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. "ಯಾಕೆ ಕಳಿಸಿದೆ?" ಎಂದೆ. ಮದುವೆಯಾದಾಗಿನಿಂದ ನೀವು ಎಂದವಳು ನೀನು ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಯಾಕೆ ಕಳಿಸಿದೆ, ನನ್ನ ಗಂಡ ಏನು ಮಾಡಿದ್ದ ನಿನಗೆ, ಲೈಟ್ ಹಾಕಲು ಹೋಗುವವನನ್ನು ನೋಡಿದರೆ ಗೊತ್ತಾಗುವುದಿಲ್ಲವೇ, ಕಣ್ಣಿಲ್ಲವೇ ನಿನಗೆ, ಒಂದು ಸಲ ಮುಖ ನೋಡಬಾರದಿತ್ತೇ, ಒಂದು ಮೂಳೆಯಾದರೂ ಕಳಿಸಬಾರದಿತ್ತೇ ಎಂದೆ. ಆ ಯಂತ್ರಕ್ಕೆ, ಅದನ್ನು ಮಾಡಿದವರಿಗೆ, ಬಿಟ್ಟವರಿಗೆ, ಬರದಿದ್ದ ನಿನಗೆ, ನನ್ನನ್ನು ಬಿಟ್ಟು ಹೋದ ಅವನಿಗೆ ಬೈಯಬೇಕಾದದ್ದನ್ನೆಲ್ಲ ಆ ಮುದುಕಿಗೆ ಬೈದೆ. ಹಾಳಾಗಿ ಹೋಗು ಎಂದೆ. ಶಾಮಣ್ಣನವರು ಓಡಿ ಬಂದವರು, ಅತ್ತೆ ಕೂತಿದ್ದ ರೀತಿ ನೋಡಿ ವಾಪಸ್ ಹೋಗಿ ತಮ್ಮ ಬಾಗಿಲು ಹಾಕಿಕೊಂಡರು. ಅತ್ತೆ ಪ್ರತಿ ಮಾತಿಗೂ ಹೌದು ಕಣವ್ವ, ಹೌದು ಎನ್ನುತ್ತಿದ್ದರು.

ಸಾಕಾದಾಗ ಒಳಗೆ ಹೋಗಿ ನೀರು ತಂದೆ. ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಏಳು, ಹೊತ್ತಾಯ್ತು. ಅವನಿಗೆ ಎಡೆ ಇಡ್ಬೇಕು," ಅಂದರು.

ಇಬ್ಬರೂ ಸೇರಿ ಅಡುಗೆ ಮಾಡಿದೆವು. ಮುದ್ದೆ, ಅವನಿಗಿಷ್ಟವೆಂದು ಖಾರ ಮುಂದಾಗಿ ಕೋಳಿ ಸಾರು. ಕೆರೆಯ ದಂಡೆಗೆ ಹೋಗಿ ಒಂದು ಹಿಡಿ ಮಣ್ಣು ಗುಡ್ಡೆ ಮಾಡಿ ಹಾಲು-ತುಪ್ಪ ಬಿಟ್ಟೆವು. ಫೋಟೋಗೆ ಹಾರ ಹಾಕಿದ್ದೇನೆ. ಅತ್ತೆ ಎರಡು ಸಲ ಬಡಿಸಿಕೊಂಡು ಉಂಡರು, ಮಧ್ಯಾಹ್ನ ಗೊರಕೆ ಹೊಡೆದು ಮಲಗಿದರು. ನಾನೂ ಹೊಟ್ಟೆ ತುಂಬ ಉಂಡೆ. ನನಗೆ ಹಗುರವಾಗಿತ್ತು ಮೈತ್ರಿ. ಎಷ್ಟು ಹಗುರವೆಂದರೆ ಪಾತ್ರೆ ತೊಳೆಯುವಾಗ ಏನೋ ಗುನುಗಿಕೊಂಡೆ, ಆಮೇಲೆ ನನಗೇ ಹೆದರಿಕೆಯಾಯಿತು.

ಇವತ್ತು ಬೆಳಿಗ್ಗೆ ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಲಿಖಿತಾ ಎನ್ನುವವಳು ಮೊಸರಿಗೆ ಹೆಪ್ಪು ಕೇಳಲು ಬಂದಳು. ಹಾರ ಹಾಕಿದ ಫೋಟೋ ನೋಡಿ, "ಅಯ್ಯೋ, ನಿಮ್ಮ ಮಗನಾ ಅಜ್ಜಿ? ಏನಾಗಿತ್ತು?" ಅಂದಳು. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, ಸಮಾಧಾನವಾಗಿ, "ನಾನೇ ಕೊಂದೆ ಕಣಮ್ಮ," ಎಂದು ಹೇಳಿ ಮತ್ತೆ ಅಕ್ಕಿ ನೋಡತೊಡಗಿದರು.

ಆ ಹುಡುಗಿ ನನ್ನ ಕಡೆ ತಿರುಗಿದಳು. ಹೆಪ್ಪಿನ ಲೋಟ ನನ್ನ ಕೈಯಲ್ಲಿತ್ತು. ಅಲ್ಲ ಎನ್ನಬೇಕಿತ್ತು. ನನ್ನಿಂದ ಆಗಲಿಲ್ಲ. ಅಲ್ಲ ಎಂದರೆ ಮತ್ತೆ ಯಾರೂ ಇಲ್ಲದಂತಾಗುತ್ತದೆ.

ಸಾಧ್ಯವಾದರೆ ಊರಿಗೆ ಬಾ.
ಶಾಂತಲಾ